ಬೈಸಿಕಲ್ಲಿನ ಅಸ್ಥಿಪಂಜರ

ಬೆಂಗಳೂರಿನಿಂದ ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹೆಬ್ಬಾಳವನ್ನು ದಾಟಿ ಯಲಹಂಕವನ್ನು ಮುಟ್ಟುವುದಕ್ಕೆ ಸ್ವಲ್ಪ ಮೊದಲು ಅಲ್ಲಾಳಸಂದ್ರವೆಂಬ ಊರು ಸಿಕ್ಕುತ್ತದೆ. ಸಂದ್ರವೆಂದರೆ ಸಮುದ್ರ. ಒಂದು ಕೆರೆಯನ್ನು ಕಟ್ಟಿಸಿ ಅದನ್ನು ಸಮುದ್ರವೆಂದು ಕರೆದ ನಮ್ಮ ಹಿರಿಯರ ಉದಾರಬುದ್ಧಿಗೆ ಈ ಸೀಮೆಯ ಹಲವು ಊರುಗಳ ಹೆಸರುಗಳು ಸಾಕ್ಷಿಯಾಗಿ ನಿಂತಿವೆ. ಊರು ಈಗ ನಗರದೊಳಗೆ ಕರಗಿಹೋಗಿದೆಯಾದರೂ ಕೆರೆ ಉಳಿದಿದೆ. ಭಾನುವಾರದ ಬೆಳಗಿನ ಜಾವ, ಕತ್ತಲೆ ಹರಿಯುವುದಕ್ಕೆ ಮೊದಲು, ಅಲ್ಲಾಳಸಂದ್ರದ ಗೇಟಿನ ಬಳಿ ನಿಂತು ನೋಡುವವರಿಗೆ ಒಂದು ಮೆರವಣಿಗೆ ಕಾಣುತ್ತದೆ. ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ ಹಚ್ಚಿಕೊಂಡು, ಹತ್ತಾರು ಮಂದಿ ಬೈಸಿಕಲ್ ಸವಾರರು ಉತ್ತರಾಭಿಮುಖವಾಗಿ ಸಾಗುತ್ತಾರೆ. ಇವರು ಹಾಲು ಮಾರುವವರೂ ಅಲ್ಲ, ಕಾರ್ಖಾನೆಯ ಪಾಳಿಗೆ ಓಡುವವರೂ ಅಲ್ಲ. ಕೆಲವರು ನಂದಿಬೆಟ್ಟಕ್ಕೆ, ಕೆಲವರು ಚಿಕ್ಕಬಳ್ಳಾಪುರಕ್ಕೆ, ಇನ್ನೂ ಉತ್ಸಾಹಿಗಳಾದವರು ನೂರು ಕಿಲೋಮೀಟರುಗಳಿಗೂ ಆಚೆ ಇರುವ ಲೇಪಾಕ್ಷಿಗೆ ಹೋಗಿ ಬರುವವರು. ಫಲಾಪೇಕ್ಷೆಯಿಲ್ಲದೆ, ಕೇವಲ ಸಂತೋಷಕ್ಕಾಗಿ ಮಾಡುವ ಪ್ರಯಾಣವಿದು.

ಈ ಮೆರವಣಿಗೆಯಲ್ಲಿ ನನ್ನ ಸ್ನೇಹಿತರೊಬ್ಬರೂ ಇದ್ದರು. ಐವತ್ತು ದಾಟಿದ ವಯಸ್ಸು, ಮಿತವಾದ ಆದಾಯ, ಆದರೆ ದೂರ ಪ್ರಯಾಣದ ಹುಚ್ಚು ಅಮಿತವಾದದ್ದು. ಕೂಡಿಟ್ಟ ಹಣವನ್ನು ಸುರಿದು ಅವರು ಅತ್ಯಂತ ಹಗುರವಾದ ಒಂದು ಬೈಸಿಕಲ್ಲನ್ನು ಕೊಂಡಿದ್ದರು. ಒಂದು ದಿನ ಬೆಟ್ಟವನ್ನು ಇಳಿಯುವಾಗ ಅದರ ಚೌಕಟ್ಟು ಯಾವ ಮುನ್ಸೂಚನೆಯನ್ನೂ ಕೊಡದೆ ಮುರಿಯಿತು. ಕತ್ತಿನ ಬಳಿಯ ಎಲುಬು ಮುರಿದು ಅವರು ಮೂರು ತಿಂಗಳು ಮನೆಯಲ್ಲಿ ಕುಳಿತರು. ನಾನು ನೋಡಲು ಹೋದಾಗ ಅವರ ಧರ್ಮಪತ್ನಿಯವರು ಕಾಫಿಯನ್ನು ಮುಂದಿಟ್ಟು, "ಇವರನ್ನು ಬಿಡಿಸಲು ನನ್ನಿಂದ ಆಗುವುದಿಲ್ಲ. ಮತ್ತೆ ಹೋಗಿಯೇ ಹೋಗುತ್ತಾರೆ. ನೀವಾದರೂ ಹೇಳಿ, ಯಾವುದರಿಂದ ಮಾಡಿದ್ದನ್ನು ನಂಬಬೇಕು?" ಎಂದು ಕೇಳಿದರು. ಅವರು ಯಾವುದು ಹಗುರ, ಯಾವುದು ವೇಗ ಎಂದು ಕೇಳಲಿಲ್ಲವೆಂಬುದನ್ನು ಶ್ರೋತೃಗಳು ಗಮನಿಸಬೇಕು. ಆ ತಾಯಿಯ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಅದನ್ನು ಹುಡುಕುತ್ತ ಹೋದವನಿಗೆ ಬೈಸಿಕಲ್ಲಿನ ಚರಿತ್ರೆಯೇ ಎದುರಾಯಿತು. ಅದನ್ನು ಇಲ್ಲಿ ಸಂಗ್ರಹವಾಗಿ ನಿವೇದಿಸುತ್ತೇನೆ.

ಬೈಸಿಕಲ್ಲಿನ ಚೌಕಟ್ಟಿಗೆ ಈಗ ನಾಲ್ಕು ಪದಾರ್ಥಗಳು ಬಳಕೆಯಲ್ಲಿವೆ: ಉಕ್ಕು, ಅಲ್ಯೂಮಿನಿಯಂ, ಟೈಟೇನಿಯಂ, ಮತ್ತು ಜನರು ಕಾರ್ಬನ್ ಎಂದು ಕರೆಯುವ ಇಂಗಾಲದ ನೂಲು. ಇವುಗಳಲ್ಲಿ ಒಂದಾದರೂ ಬೈಸಿಕಲ್ಲಿಗಾಗಿ ಹುಟ್ಟಿದ್ದಲ್ಲ. ಬಂದೂಕು, ರೈಲು, ವಿಮಾನ, ಇವುಗಳಿಗಾಗಿ ಹುಟ್ಟಿ ಬೆಳೆದು ಅಲ್ಲಿಂದ ಬೈಸಿಕಲ್ಲಿಗೆ ಇಳಿದುಬಂದವು. ಈ ವಂಶಾವಳಿಯನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲವೆಂಬುದು ಒಂದು ವಿಶೇಷ. ಅಲ್ಲಾಳಸಂದ್ರದ ಕೆರೆಯ ಏರಿಯಿಂದ ಒಂದೆರಡು ಹರದಾರಿಗಳೊಳಗೆ ಯಲಹಂಕದ ರೈಲುಗಾಲಿಯ ಕಾರ್ಖಾನೆಯುಂಟು, ಜಕ್ಕೂರಿನ ವಿಮಾನ ಶಿಕ್ಷಣಶಾಲೆಯುಂಟು, ಯಲಹಂಕದ ವಾಯುಸೇನೆಯ ನೆಲೆಯುಂಟು. ನಮ್ಮ ಚರಿತ್ರೆಯ ಪಾತ್ರಗಳೆಲ್ಲ ಈ ಮೂರು ಸ್ಥಳಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಕಾಣಸಿಗುತ್ತವೆ.

ಮೊದಲು ಮರವಿತ್ತು. 1817ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸ್ ಎಂಬಾತನು ಒಂದರ ಹಿಂದೊಂದು ಎರಡು ಗಾಲಿಗಳನ್ನು ಮರದ ತೊಲೆಯೊಂದಕ್ಕೆ ಜೋಡಿಸಿ, ಅದರ ಮೇಲೆ ಕುಳಿತು, ಕಾಲಿನಿಂದ ನೆಲವನ್ನು ಒದೆಯುತ್ತ ಓಡಿದನು. ಅದಕ್ಕೆ ತುಳಿಗಾಲಿರಲಿಲ್ಲ. 1860ರ ದಶಕದಲ್ಲಿ ಪ್ಯಾರಿಸಿನ ಕಮ್ಮಾರಸಾಲೆಗಳಲ್ಲಿ ಮುಂದಿನ ಗಾಲಿಗೆ ತುಳಿಗಾಲನ್ನು ಹಚ್ಚಿದರು. ಚೌಕಟ್ಟನ್ನು ಕಬ್ಬಿಣದಿಂದ ಬಡಿದು ಮಾಡಿದರು. ಅದರ ಮೇಲೆ ಕಲ್ಲುಹಾಸಿನ ಬೀದಿಯಲ್ಲಿ ಹೋದವನ ಅವಸ್ಥೆಯನ್ನು ಕಂಡು ಇಂಗ್ಲಿಷರು ಅದಕ್ಕೆ ಎಲುಬು ಕುಲುಕುವ ಯಂತ್ರವೆಂಬ ಅರ್ಥದ ಹೆಸರನ್ನಿಟ್ಟರು. ಅನಂತರ ಮುಂದೆ ಆಳೆತ್ತರದ ಗಾಲಿ, ಹಿಂದೆ ಮಗುವಿನಂಥ ಗಾಲಿ ಇರುವ ಎತ್ತರದ ಬೈಸಿಕಲ್ಲು ಬಂದಿತು. ಅದರಿಂದ ತಲೆಕೆಳಗಾಗಿ ಬಿದ್ದವರ ಸಂಖ್ಯೆ ಅಪಾರ. ಕಡೆಗೆ 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿಯು ಎರಡು ಗಾಲಿಗಳೂ ಬಹುಮಟ್ಟಿಗೆ ಸಮನಾದ, ಸರಪಳಿಯಿಂದ ಹಿಂದಿನ ಗಾಲಿಯನ್ನು ತಿರುಗಿಸುವ ರೋವರ್ ಎಂಬ ಬೈಸಿಕಲ್ಲನ್ನು ಹೊರತಂದನು. ಕೆಲವೇ ವರ್ಷಗಳಲ್ಲಿ ಚೌಕಟ್ಟು ಎರಡು ತ್ರಿಕೋಣಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತ ವಜ್ರಾಕಾರಕ್ಕೆ ಬಂದು ನಿಂತಿತು. ಆ ಆಕಾರ ಇಂದಿಗೂ ಬಹುಮಟ್ಟಿಗೆ ಹಾಗೆಯೇ ಇದೆ. ಅಲ್ಲಿಂದ ಮುಂದಿನ ಚರಿತ್ರೆಯೆಲ್ಲ ಆಕಾರದ್ದಲ್ಲ, ಪದಾರ್ಥದ್ದು.

ವಜ್ರಾಕಾರಕ್ಕೆ ಬೇಕಾದದ್ದು ನಳಿಗೆ. ಗಟ್ಟಿಯಾದ ಸಲಾಕೆಯ ಬದಲು ಟೊಳ್ಳು ನಳಿಗೆ ಏಕೆಂಬುದನ್ನು ಪ್ರಕೃತಿಯೇ ನಮಗೆ ತೋರಿಸಿಕೊಟ್ಟಿದೆ. ಬಿದಿರು ಟೊಳ್ಳು, ಹರಳುಗಿಡದ ಕಾಂಡ ಟೊಳ್ಳು, ಹಾರುವ ಹಕ್ಕಿಯ ಎಲುಬು ಟೊಳ್ಳು. ಅಷ್ಟೇ ತೂಕದ ಲೋಹದಿಂದ ಎರಡರಷ್ಟು ಅಗಲದ, ಆದರೆ ಗೋಡೆ ಅರ್ಧದಷ್ಟು ತೆಳುವಾದ ನಳಿಗೆಯನ್ನು ಮಾಡಿದರೆ ಅದು ಬಾಗದೆ ನಿಲ್ಲುವ ಶಕ್ತಿ ಸುಮಾರು ನಾಲ್ಕರಷ್ಟಾಗುತ್ತದೆ. ಈ ಒಂದು ಲೆಕ್ಕವನ್ನು ಶ್ರೋತೃಗಳು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ. 1880ರ ದಶಕದ ಮಧ್ಯದಲ್ಲಿ ಜರ್ಮನಿಯ ಮಾನ್ನೆಸ್‌ಮನ್ ಸಹೋದರರು ಬೆಸುಗೆಯ ಗೆರೆಯಿಲ್ಲದ ಉಕ್ಕಿನ ನಳಿಗೆಯನ್ನು ಉರುಳೆಗಳ ನಡುವೆ ತೆಗೆಯುವ ಉಪಾಯವನ್ನು ಕಂಡುಹಿಡಿದರು. ನಳಿಗೆಯ ವಿದ್ಯೆಯಲ್ಲಿ ಬಂದೂಕು ಮಾಡುವವರಿಗಿಂತ ನಿಪುಣರು ಯಾರು? ನಮ್ಮ ಮನೆಗಳಲ್ಲಿ ಬಿ. ಎಸ್. ಎ. ಎಂದು ಹೆಸರಾದ ಬೈಸಿಕಲ್ಲಿನ ಪೂರ್ಣನಾಮ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. ಅದು ಮೂಲತಃ ಬಂದೂಕಿನ ಕಾರ್ಖಾನೆ. ಅದರ ಮುದ್ರೆಯಲ್ಲಿದ್ದ ಮೂರು ಬಂದೂಕುಗಳನ್ನು ದಿನವೂ ಒರೆಸಿ ಹೊಳೆಯಿಸಿದವರು ಹಳೆಯ ತಲೆಮಾರಿನಲ್ಲಿ ಬಹು ಮಂದಿ.

ಉಕ್ಕಿನ ವಿಷಯಕ್ಕೆ ಬಂದಾಗ ಕನ್ನಡಿಗನು ಸ್ವಲ್ಪ ಎದೆಯುಬ್ಬಿಸಿ ಮಾತನಾಡಬಹುದು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು, ನಮ್ಮ ಜನರು ಮಣ್ಣಿನ ಮೂಸೆಗಳಲ್ಲಿ ಕಬ್ಬಿಣದೊಡನೆ ತಂಗಡಿಯ ಕಡ್ಡಿಯನ್ನೂ ಹಸಿಯ ಎಲೆಯನ್ನೂ ಇಟ್ಟು ಬಾಯಿ ಮುಚ್ಚಿ ಕಾಸಿ ಉಕ್ಕನ್ನು ಇಳಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ ಉಕ್ಕಿನ ತಂತಿಗೆ ಬಹಳ ಹೆಸರಿತ್ತೆಂದೂ ಅವನೇ ಹೇಳುತ್ತಾನೆ. ಯೂರೋಪಿನವರು ಈ ಉಕ್ಕನ್ನು ವೂಟ್ಸ್ ಎಂದು ಕರೆದರು. ಅದು ನಮ್ಮ ಉಕ್ಕು ಎಂಬ ಮಾತೇ ಅವರ ಬಾಯಲ್ಲಿ ತಿರುಚಿಕೊಂಡದ್ದೆಂದು ಹಲವು ವಿದ್ವಾಂಸರ ಅಭಿಪ್ರಾಯ. ವಿದ್ಯುಚ್ಛಕ್ತಿಯ ಸಂಶೋಧನೆಯಿಂದ ಜಗತ್ಪ್ರಸಿದ್ಧನಾದ ಮೈಕೇಲ್ ಫ್ಯಾರಡೆಯು ತನ್ನ ಯೌವನದಲ್ಲಿ, 1819ರಲ್ಲಿ, ಈ ವೂಟ್ಸನ್ನು ಪರೀಕ್ಷಿಸಿದನು. ಅದರ ರಹಸ್ಯವನ್ನು ಹುಡುಕಹೊರಟವನು ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರಸಿ ನೋಡಿ, 1820 ಮತ್ತು 1822ರಲ್ಲಿ ಜೇಮ್ಸ್ ಸ್ಟೋಡಾರ್ಟ್ ಎಂಬಾತನೊಡನೆ ಆ ಪ್ರಯೋಗಗಳನ್ನು ಪ್ರಕಟಿಸಿದನು. ಮಿಶ್ರ ಉಕ್ಕಿನ ಶಾಸ್ತ್ರಕ್ಕೆ ಇದು ಮೊದಲ ಮೆಟ್ಟಿಲುಗಳಲ್ಲೊಂದು.

ಮಿಶ್ರ ಉಕ್ಕು ಬೈಸಿಕಲ್ಲನ್ನು ತಲುಪಲು ಒಂದು ಶತಮಾನಕ್ಕೂ ಮೇಲಾಯಿತು. 1897ರಲ್ಲಿ ಬರ್ಮಿಂಗ್‌ಹ್ಯಾಮಿನ ರೇನಾಲ್ಡ್ಸ್ ಸಂಸ್ಥೆಯು ತುದಿಗಳಲ್ಲಿ ದಪ್ಪವಾಗಿಯೂ ನಡುವೆ ತೆಳುವಾಗಿಯೂ ಇರುವ ನಳಿಗೆಗೆ ಹಕ್ಕುಪತ್ರವನ್ನು ಪಡೆಯಿತು. ಬೆಸುಗೆಯ ಕಾವು ತಗಲುವುದು ತುದಿಗೆ. ಪೆಟ್ಟು ಕೂಡುವುದೂ ತುದಿಗೇ. ನಡುವೆ ಲೋಹವನ್ನು ಸುಮ್ಮನೆ ಹೊರುವುದೇಕೆ ಎಂಬುದು ಅದರ ಹಿಂದಿನ ವಿವೇಕ. 1935ರಲ್ಲಿ ಅದೇ ಸಂಸ್ಥೆಯು ಮ್ಯಾಂಗನೀಸ್ ಮತ್ತು ಮಾಲಿಬ್ಡಿನಂ ಬೆರೆತ 531 ಎಂಬ ಉಕ್ಕಿನ ನಳಿಗೆಯನ್ನು ಹೊರತಂದಿತು. ಮುಂದಿನ ನಾಲ್ಕು ದಶಕಗಳ ಕಾಲ ದೂರಪ್ರಯಾಣಿಗಳಿಗೂ ಪಂದ್ಯಾಳುಗಳಿಗೂ ಅದೇ ಆದರ್ಶವಾಗಿತ್ತು. ನಮ್ಮ ಕಡೆ, ಅಂದಿನ ಮೈಸೂರು ಸಂಸ್ಥಾನವು 1918ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೈಹಾಕಿತು. 1923ರಲ್ಲಿ ಅಲ್ಲಿ ಇದ್ದಲಿನ ಕುಲುಮೆಯಿಂದ ಕಬ್ಬಿಣ ಹರಿಯಿತು. 1936ರಲ್ಲಿ ಉಕ್ಕೂ ಬಂದಿತು. ಆದರೆ ಬೈಸಿಕಲ್ಲು ಮಾತ್ರ ಬಹುಕಾಲ ಹಡಗಿನಿಂದಲೇ ಇಳಿಯಬೇಕಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಮದರಾಸಿನ ಅಂಬತ್ತೂರಿನ ಸಂಸ್ಥೆ, 1951ರಲ್ಲಿ ಸೋನೀಪತಿನದು, 1956ರಲ್ಲಿ ಲೂಧಿಯಾನದ್ದು ಸ್ಥಾಪಿತವಾಗಿ, ಕರಿಯ ಬಣ್ಣದ ಭಾರಿಯ ಉಕ್ಕಿನ ಬೈಸಿಕಲ್ಲು ದೇಶದ ಮನೆಮನೆಯ ವಾಹನವಾಯಿತು. ಇಪ್ಪತ್ತು ಕಿಲೋಗ್ರಾಮಿಗೆ ಸಮೀಪವಾದ ಆ ಭಾರವನ್ನು ತುಳಿದು ನಮ್ಮ ಗುಮಾಸ್ತರೂ ಉಪಾಧ್ಯಾಯರೂ ಸಂಸಾರವನ್ನು ಸಾಗಿಸಿದರು.

ಈಗ ರೈಲಿನ ಕಡೆಗೆ ತಿರುಗೋಣ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಯೂರೋಪಿನ ರೈಲುಗಾಡಿಗಳ ಅಚ್ಚುಗಳು, ಹೊರಬಲ್ಲ ಭಾರಕ್ಕಿಂತ ಎಷ್ಟೋ ಕಡಿಮೆ ಭಾರವನ್ನು ಹೊತ್ತಿದ್ದರೂ, ವರ್ಷಗಳು ಓಡಿದ ಮೇಲೆ ಹಠಾತ್ತಾಗಿ ಮುರಿಯುತ್ತಿದ್ದವು. ಆಗಸ್ಟ್ ವೋಲರ್ ಎಂಬ ಜರ್ಮನ್ ಇಂಜಿನಿಯರನು 1850ರ ದಶಕದಿಂದ 1870ರವರೆಗೆ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ಪರೀಕ್ಷಿಸಿ, ಇದಕ್ಕೆ ಕಾರಣ ಲೋಹದ ಬಳಲಿಕೆ ಎಂಬುದನ್ನು ಸ್ಥಾಪಿಸಿದನು. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸಿ ಮುರಿಯುವ ಹುಡುಗನಿಗೆ ಇದರ ತತ್ತ್ವ ಗೊತ್ತು. ಸಣ್ಣ ಪೆಟ್ಟೇ ಆಗಲಿ, ಲಕ್ಷಗಟ್ಟಲೆ ಸಲ ಬಿದ್ದರೆ ಲೋಹದಲ್ಲಿ ಕೂದಲೆಳೆಯ ಬಿರುಕು ಹುಟ್ಟಿ ಬೆಳೆಯುತ್ತದೆ. ಆದರೆ ವೋಲರನು ಇನ್ನೊಂದು ಸಂಗತಿಯನ್ನೂ ಕಂಡನು. ಪೆಟ್ಟು ಒಂದು ಮಿತಿಯ ಕೆಳಗಿದ್ದರೆ ಉಕ್ಕು ಎಷ್ಟು ಸಲ ಬಾಗಿದರೂ ಬಳಲುವುದಿಲ್ಲ. ಈ ಮಿತಿಯೊಳಗೆ ಇರುವಂತೆ ಮಾಡಿದ ಅಚ್ಚು ತಲೆಮಾರುಗಳ ಕಾಲ ನಡೆಯಬಹುದು. 1984ರಲ್ಲಿ ಆರಂಭವಾದ ಯಲಹಂಕದ ಕಾರ್ಖಾನೆಯಲ್ಲಿ ಹಳೆಯ ಉಕ್ಕಿನ ಚೂರುಗಳನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ರೈಲುಗಾಲಿಗಳನ್ನು ಎರಕಹೊಯ್ಯುತ್ತಾರೆ. ಅಚ್ಚುಗಳನ್ನು ಬಡಿದು ರೂಪಿಸುತ್ತಾರೆ. ಸಾವಿರಾರು ಜನರ ಪ್ರಾಣವನ್ನು ಹೊತ್ತು ತಿರುಗುವ ಆ ಅಚ್ಚಿನಲ್ಲಿ ನಂಬಿಕೆಯಿಡಲು ಕಾರಣವಾದ ಗುಣವೇ ಉಕ್ಕಿನ ಬೈಸಿಕಲ್ಲಿನ ಚೌಕಟ್ಟಿನಲ್ಲಿಯೂ ಇರುವುದು.

ಇನ್ನು ಅಲ್ಯೂಮಿನಿಯಂ. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬಿಬ್ಬರು ತರುಣರು, ಒಬ್ಬರನ್ನೊಬ್ಬರು ಅರಿಯದೆಯೇ, ವಿದ್ಯುಚ್ಛಕ್ತಿಯಿಂದ ಇದನ್ನು ಅಗ್ಗವಾಗಿ ತೆಗೆಯುವ ಮಾರ್ಗವನ್ನು ಕಂಡುಕೊಂಡರು. ಅದುವರೆಗೆ ಇದು ಒಡವೆಗಳ ಸಾಲಿಗೆ ಸೇರಿದ ಲೋಹ. 1906ರಲ್ಲಿ ಆಲ್‌ಫ್ರೆಡ್ ವಿಲ್ಮ್ ಎಂಬ ಜರ್ಮನ್ ವಿಜ್ಞಾನಿಯು ಅಲ್ಯೂಮಿನಿಯಮ್ಮಿಗೆ ಸ್ವಲ್ಪ ತಾಮ್ರವನ್ನೂ ಇತರ ಲೋಹಗಳನ್ನೂ ಬೆರಸಿ ಕಾಸಿ ತಣಿಸಿಟ್ಟರೆ, ಅದು ದಿನಗಳು ಕಳೆದಂತೆ ತಾನಾಗಿಯೇ ಗಟ್ಟಿಯಾಗುವುದನ್ನು ಕಂಡನು. ವಿಮಾನಗಳಿಗೆ ಬೇಕಾದದ್ದು ಇದೇ. 1903ರಲ್ಲಿ ಮೊದಲು ಹಾರಿದ ರೈಟ್ ಸಹೋದರರು ವೃತ್ತಿಯಿಂದ ಬೈಸಿಕಲ್ಲು ಮಾಡುವವರು. ವಿಮಾನವು ಬೈಸಿಕಲ್ಲಿನ ಅಂಗಡಿಯಲ್ಲಿ ಹುಟ್ಟಿ, ಬೆಳೆದ ಮೇಲೆ ತನ್ನ ಲೋಹವನ್ನು ತೌರುಮನೆಗೆ ಕಾಣಿಕೆಯಾಗಿ ತಂದಿತೆನ್ನಬಹುದು. ಬೆಂಗಳೂರಿಗೆ ಈ ಲೋಹದ ಪರಿಚಯ 1940ರಲ್ಲಿ ಗಾಢವಾಯಿತು. ಆ ವರ್ಷ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. 1948ರಲ್ಲಿ ಅದೇ ಸರ್ಕಾರವು ಅಲ್ಲಾಳಸಂದ್ರದ ನೆರೆಯ ಜಕ್ಕೂರಿನಲ್ಲಿ ವಿಮಾನ ಶಿಕ್ಷಣಶಾಲೆಯನ್ನು ತೆರೆಯಿತು.

ಅಲ್ಯೂಮಿನಿಯಮ್ಮಿನ ತೂಕ ಉಕ್ಕಿನ ಮೂರರಲ್ಲಿ ಒಂದು ಪಾಲು. ಆದರೆ ಬಾಗದೆ ನಿಲ್ಲುವ ಗುಣವೂ ಸುಮಾರು ಮೂರರಲ್ಲಿ ಒಂದೇ ಪಾಲು. ಒಂದು ಕೈಯಲ್ಲಿ ಕೊಟ್ಟದ್ದನ್ನು ಪ್ರಕೃತಿಯು ಇನ್ನೊಂದು ಕೈಯಲ್ಲಿ ಕಸಿದುಕೊಂಡಿತು. ಆದ್ದರಿಂದಲೇ 1970ರ ದಶಕದಲ್ಲಿ ಇಟಲಿಯವರು ಉಕ್ಕಿನಷ್ಟೇ ಸಣ್ಣ ನಳಿಗೆಗಳಿಂದ ಮಾಡಿದ ಅಲ್ಯೂಮಿನಿಯಂ ಬೈಸಿಕಲ್ಲುಗಳು ಬಳುಕುತ್ತಿದ್ದವು. ನಾನು ಹಿಂದೆ ಹೇಳಿದ ನಳಿಗೆಯ ಲೆಕ್ಕ ಇಲ್ಲಿ ಸಹಾಯಕ್ಕೆ ಬಂದಿತು. 1980ರ ದಶಕದಲ್ಲಿ ಅಮೆರಿಕದವರು ನಳಿಗೆಯನ್ನು ದಪ್ಪವಾಗಿ ಉಬ್ಬಿಸಿ ಬಳುಕನ್ನು ನಿವಾರಿಸಿದರು. ಇಂದು ಅಂಗಡಿಯಲ್ಲಿ ಮಧ್ಯಮ ಬೆಲೆಗೆ ದೊರೆಯುವ ಒಳ್ಳೆಯ ಬೈಸಿಕಲ್ಲುಗಳಲ್ಲಿ ಹೆಚ್ಚಿನವು ಈ ಜಾತಿಯವು. ಹಗುರ, ತುಕ್ಕಿನ ಭಯ ಕಡಿಮೆ, ಬೆಲೆ ಹಿತ. ಕೊರತೆಯೊಂದುಂಟು. ಉಕ್ಕಿಗೆ ಇರುವ ಬಳಲಿಕೆಯ ಮಿತಿ ಅಲ್ಯೂಮಿನಿಯಮ್ಮಿಗೆ ಇಲ್ಲ. ಎಷ್ಟೇ ಸಣ್ಣ ಪೆಟ್ಟಾಗಲಿ, ಅದು ಲೆಕ್ಕಕ್ಕೆ ಸೇರುತ್ತ ಹೋಗುತ್ತದೆ. 1954ರಲ್ಲಿ ಕಾಮೆಟ್ ಎಂಬ ಜೆಟ್ ವಿಮಾನಗಳೆರಡು ಮೂರು ತಿಂಗಳ ಅಂತರದಲ್ಲಿ ಇಟಲಿಯ ಸಮೀಪದ ಸಮುದ್ರದ ಮೇಲೆ ಆಕಾಶದಲ್ಲಿಯೇ ಒಡೆದುಬಿದ್ದುವು. ವಿಚಾರಣೆಯಲ್ಲಿ ಕಂಡ ಅಪರಾಧಿ ಈ ಬಳಲಿಕೆಯೇ. ಅಂದಿನಿಂದ ವಿಮಾನಗಳ ಬಳಲಿಕೆಯ ವಿಷಯದಲ್ಲಿ ಜಗತ್ತು ಇಮ್ಮಡಿ ಎಚ್ಚರಗೊಂಡಿತು. ಜಕ್ಕೂರಿನಲ್ಲಿ ಹಾರುವ ಪುಟ್ಟ ವಿಮಾನಕ್ಕೂ ಹಾರಿದ ಗಂಟೆಗಳ ಲೆಕ್ಕದ ಪುಸ್ತಕವುಂಟು. ಗಂಟೆ ತುಂಬಿದಾಗ ಪರೀಕ್ಷೆಯುಂಟು. ಬೈಸಿಕಲ್ಲಿಗೆ ಅಂಥ ಪುಸ್ತಕವನ್ನು ಯಾರೂ ಇಡುವುದಿಲ್ಲ. ಹಾಗೆಂದು ಹೆದರಬೇಕಾಗಿಲ್ಲ. ಬುದ್ಧಿವಂತನಾದ ತಯಾರಕನು ಇದನ್ನು ಬಲ್ಲವನಾಗಿ ಲೋಹವನ್ನು ಧಾರಾಳವಾಗಿ ಹಾಕುತ್ತಾನೆ. ಆದರೆ ಕೈಬದಲಾದ ಹಳೆಯ ಅಲ್ಯೂಮಿನಿಯಂ ಚೌಕಟ್ಟನ್ನು ಕೊಳ್ಳುವವನು ಅದರ ಬೆಸುಗೆಗಳ ಸುತ್ತ ಕಣ್ಣಿಟ್ಟು ನೋಡದೆ ಹಣ ಕೊಡಬಾರದು.

ಟೈಟೇನಿಯಮ್ಮಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1791ರಲ್ಲಿ ವಿಲಿಯಂ ಗ್ರೆಗರ್ ಎಂಬ ಇಂಗ್ಲಿಷ್ ಪಾದ್ರಿಯು ಕಾರ್ನ್‌ವಾಲಿನ ಹೊಳೆಯ ಮರಳಿನಲ್ಲಿ ಇದರ ಸುಳಿವನ್ನು ಕಂಡನು. ನಮ್ಮ ನೆರೆಯ ಕೇರಳದ ಕಡಲತೀರದ ಕಪ್ಪು ಮರಳೂ ಇದರ ಅದಿರೇ. ಅದಿರು ಹೇರಳ, ಲೋಹವನ್ನು ಬಿಡಿಸುವುದು ಮಹಾಕಷ್ಟ. ವಿಲಿಯಂ ಕ್ರಾಲ್ ಎಂಬಾತನು 1940ರ ಸುಮಾರಿಗೆ ಅದಕ್ಕೊಂದು ವ್ಯಾವಹಾರಿಕ ಮಾರ್ಗವನ್ನು ತೋರಿಸಿದ ಮೇಲೆ ಅದು ಯುದ್ಧವಿಮಾನಗಳಿಗೂ ರಾಕೆಟ್ಟುಗಳಿಗೂ ಮೀಸಲಾಯಿತು. 1970ರ ದಶಕದಲ್ಲಿ ಬೈಸಿಕಲ್ಲಿಗೂ ಬಂದಿತು. ಉಕ್ಕಿಗಿಂತ ಸುಮಾರು ನೂರಕ್ಕೆ ನಲವತ್ತು ಪಾಲು ಹಗುರ, ತುಕ್ಕಿನ ಮಾತೇ ಇಲ್ಲ, ಬಳಲಿಕೆಯನ್ನು ಸಹಿಸುವ ಗುಣವೂ ಶ್ರೇಷ್ಠ. ಆದರೆ ಇದನ್ನು ಬೆಸೆಯುವಾಗ ಗಾಳಿ ಸೋಕಕೂಡದು. ಆರ್ಗಾನ್ ಎಂಬ ಅನಿಲದ ಪರದೆಯೊಳಗೆ ಬೆಸೆಯಬೇಕು. ಆದ್ದರಿಂದ ಬೆಲೆ ದುಬಾರಿ. ಕೆಟ್ಟರೆ ದುರಸ್ತಿ ಮಾಡಬಲ್ಲವನು ದುರ್ಲಭ. ಇದು ಧನಿಕನ ಉಕ್ಕು.

ಇಂಗಾಲದ ನೂಲಿನ ಚರಿತ್ರೆ ಬಿದಿರಿನಿಂದ ಆರಂಭವಾಗುವುದೊಂದು ವಿನೋದ. ಎಡಿಸನ್ನನು 1880ರಲ್ಲಿ ತನ್ನ ವಿದ್ಯುದ್ದೀಪದೊಳಗೆ ಉರಿಯಲು ಬಿದಿರಿನ ಸೀಳನ್ನು ಸುಟ್ಟು ಇಂಗಾಲವಾಗಿಸಿದ ಎಳೆಯನ್ನು ಬಳಸಿದನು. 1890ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬಿದಿರಿನ ಬೈಸಿಕಲ್ಲುಗಳೂ ಓಡಿದವು. ಇವೆರಡಕ್ಕೂ ಆಗ ಸಂಬಂಧವಿರಲಿಲ್ಲ. 1960ರ ದಶಕದಲ್ಲಿ ಜಪಾನಿನ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ಕೃತಕ ನೂಲನ್ನು ಹದವಾಗಿ ಸುಟ್ಟು, ಉಕ್ಕನ್ನು ಮೀರಿಸುವ ಬಲವುಳ್ಳ ಇಂಗಾಲದ ಎಳೆಯನ್ನು ಪಡೆದರು. ಅದನ್ನು ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಹಾಸಿ ಬೇಯಿಸಿದರೆ ಗಟ್ಟಿಯಾದ ಕವಚವಾಗುತ್ತದೆ. ಬಿದಿರಿನಂತೆಯೇ ಇದರಲ್ಲಿಯೂ ಬಲವಿರುವುದು ಎಳೆ ಹರಿದ ದಿಕ್ಕಿಗೆ. ಬೇಕಾದ ಕಡೆಗೆ ಎಳೆಯನ್ನು ಹಾಯಿಸಿ ಬೇಕಾದಷ್ಟೇ ಬಿಗುವನ್ನು ಕೊಡುವುದು ತಯಾರಕನ ಜಾಣ್ಮೆ. 1986ರಲ್ಲಿ ಗ್ರೆಗ್ ಲೆಮಾಂಡ್ ಎಂಬ ಅಮೆರಿಕದ ಸವಾರನು ಇಂಗಾಲದ ನಳಿಗೆಗಳ ಬೈಸಿಕಲ್ಲನ್ನೇರಿ ಫ್ರಾನ್ಸಿನ ಮಹಾಪಂದ್ಯವನ್ನು ಗೆದ್ದನು. ಈಗ ಪಂದ್ಯಗಳಲ್ಲೆಲ್ಲ ಇದರದೇ ಆಳ್ವಿಕೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ನೂಲು ಮತ್ತು ಅಂಟುಗಳ ಸಂಯುಕ್ತದಿಂದ ಮಾಡಿದ ಹಂಸ ಎಂಬ ಪುಟ್ಟ ವಿಮಾನವು 1993ರಲ್ಲಿ ಹಾರಿತು. 2001ರಲ್ಲಿ ಮೊದಲು ಹಾರಿದ ತೇಜಸ್ ಯುದ್ಧವಿಮಾನದ ರೆಕ್ಕೆಗಳಲ್ಲಿ ಇಂಗಾಲದ ನೂಲಿನದೇ ಪ್ರಾಧಾನ್ಯ. 1996ರಲ್ಲಿ ಮೊದಲಾದ ಯಲಹಂಕದ ವಿಮಾನ ಪ್ರದರ್ಶನದ ಕಾಲದಲ್ಲಿ ಅಲ್ಲಾಳಸಂದ್ರದವರು ಇಂಥ ವಿಮಾನಗಳನ್ನು ತಮ್ಮ ಮಹಡಿಯ ಮೇಲೆ ನಿಂತೇ ನೋಡಬಹುದು.

ಹಾಗಾದರೆ ನನ್ನ ಸ್ನೇಹಿತರಿಗೆ ಆದದ್ದೇನು? ಅವರದು ಈ ಇಂಗಾಲದ ಚೌಕಟ್ಟು. ಇಂಗಾಲದ ನೂಲು ಬಳಲಿಕೆಯನ್ನು ಚೆನ್ನಾಗಿ ತಡೆಯುತ್ತದೆ; ದೋಷ ಅಲ್ಲಿರಲಿಲ್ಲ. ಅಪಘಾತಕ್ಕೆ ಕೆಲವು ವಾರಗಳ ಮೊದಲು ಅವರು ಬೈಸಿಕಲ್ಲನ್ನು ಲಾರಿಯೊಂದರಲ್ಲಿ ಹಾಕಿ ಊರಿಗೆ ಸಾಗಿಸಿದ್ದರು. ದಾರಿಯಲ್ಲಿ ಏನೋ ಭಾರವಾದ ವಸ್ತು ಅದರ ಮೇಲೆ ಬಿದ್ದಿತ್ತು. ಮೇಲಿನ ಬಣ್ಣಕ್ಕೆ ಒಂದು ಸಣ್ಣ ಗೀರು ಬಿದ್ದುದನ್ನು ಬಿಟ್ಟರೆ ಏನೂ ಕಾಣಿಸಲಿಲ್ಲ. ಲೋಹವಾಗಿದ್ದರೆ ತಗ್ಗು ಬೀಳುತ್ತಿತ್ತು. ಇಂಗಾಲದ ಕವಚದಲ್ಲಿ ಒಳಪದರಗಳು ಒಂದನ್ನೊಂದು ಬಿಟ್ಟುಕೊಂಡಿದ್ದರೂ ಹೊರಮೈ ನಯವಾಗಿಯೇ ಉಳಿಯಬಹುದು. ವಿಮಾನದ ರೆಕ್ಕೆಗೆ ಹೀಗೇನಾದರೂ ಪೆಟ್ಟು ಬಿದ್ದರೆ ಶಬ್ದತರಂಗಗಳನ್ನು ಹಾಯಿಸಿ ಒಳಗನ್ನು ಪರೀಕ್ಷಿಸುತ್ತಾರೆ. ಮನೆಯ ಜಗಲಿಯಲ್ಲಿ ಆ ಉಪಕರಣವೆಲ್ಲಿಂದ ಬರಬೇಕು? ವಿಮಾನದ ಪದಾರ್ಥವನ್ನು ನಾವು ಕೊಂಡೆವು. ವಿಮಾನಕ್ಕೆ ಸಲ್ಲುವ ಶುಶ್ರೂಷೆಯನ್ನು ಕೊಂಡಿರಲಿಲ್ಲ.

ಹಗುರದಿಂದ ಆಗುವ ಲಾಭವನ್ನೂ ತೂಗಿ ನೋಡೋಣ. ಸವಾರ, ಬೈಸಿಕಲ್ಲು, ನೀರು, ಬುತ್ತಿ ಎಲ್ಲವೂ ಸೇರಿ 85 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಚೌಕಟ್ಟಿನಲ್ಲಿ ಒಂದು ಕಿಲೋಗ್ರಾಂ ಕಡಿಮೆಯಾದರೆ ಒಟ್ಟು ಭಾರದಲ್ಲಿ ಕಡಿಮೆಯಾದದ್ದು ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು. ನಂದಿಬೆಟ್ಟದ ಏರಿಗೆ ಒಂದು ಗಂಟೆ ಹಿಡಿಯುವ ಸವಾರನಿಗೆ ಇದರಿಂದ ಉಳಿಯುವುದು ಮುಕ್ಕಾಲು ನಿಮಿಷಕ್ಕೂ ಕಡಿಮೆ. ಪಂದ್ಯದಲ್ಲಿ ಅದು ಸೋಲುಗೆಲುವನ್ನು ನಿರ್ಧರಿಸೀತು. ಬೆಟ್ಟದ ಮೇಲೆ ಕಾಫಿ ಕುಡಿಯುತ್ತ ಅರ್ಧ ಗಂಟೆ ಕೂರುವವನಿಗೆ ಅದೊಂದು ಲೆಕ್ಕವೆ?

ಸುಖದ ವಿಷಯದಲ್ಲಿಯೂ ಒಂದು ನಂಬಿಕೆ ಹರಡಿಕೊಂಡಿದೆ: ಉಕ್ಕು ಮೃದು, ಅಲ್ಯೂಮಿನಿಯಂ ಒರಟು ಎಂದು. ತ್ರಿಕೋಣಗಳಿಂದಾದ ಚೌಕಟ್ಟು ಯಾವ ಲೋಹದ್ದಾದರೂ ಮೇಲಿಂದ ಕೆಳಕ್ಕೆ ಬಾಗುವುದು ಅತ್ಯಲ್ಪ. ಕುಲುಕನ್ನು ನುಂಗುವುದು ಮುಖ್ಯವಾಗಿ ಟೈರಿನೊಳಗಿನ ಗಾಳಿ. ಬೆಲ್‌ಫಾಸ್ಟಿನ ಪಶುವೈದ್ಯನಾದ ಜಾನ್ ಬಾಯ್ಡ್ ಡನ್‌ಲಪ್ಪನು 1888ರಲ್ಲಿ ಗಾಳಿಟೈರಿಗೆ ಹಕ್ಕುಪತ್ರವನ್ನು ಪಡೆದನು. 1891ರಲ್ಲಿ ಪ್ಯಾರಿಸಿನಿಂದ ಬ್ರೆಸ್ಟ್ ಬಂದರಿಗೆ ಹೋಗಿ ಹಿಂತಿರುಗುವ, ಸುಮಾರು 1200 ಕಿಲೋಮೀಟರಿನ ಮೊದಲ ಪಂದ್ಯವನ್ನು ಚಾರ್ಲ್ಸ್ ಟೆರೋಂ ಎಂಬಾತನು 72 ಗಂಟೆಗಳಿಗೂ ಕಡಿಮೆ ಕಾಲದಲ್ಲಿ ಗೆದ್ದದ್ದು ಗಾಳಿಟೈರಿನ ಮೇಲೆ. ಆ ದಾರಿಯಲ್ಲಿ ಇಂದಿಗೂ ನಾಲ್ಕು ವರ್ಷಕ್ಕೊಮ್ಮೆ ಹವ್ಯಾಸಿಗಳು ಸಾಗುತ್ತಾರೆ. ಅವರಿಗೆ ಕೊಡುವ ಅವಧಿ 90 ಗಂಟೆ. ಅದೇ ಸಂಪ್ರದಾಯದ 200 ಕಿಲೋಮೀಟರಿನ ಸವಾರಿಗೆ ಹದಿಮೂರೂವರೆ ಗಂಟೆ. ಬೆಂಗಳೂರಿನಿಂದಲೂ ಇಂಥ ಸವಾರಿಗಳು ಹೊರಡುತ್ತವೆ. ಇವುಗಳಲ್ಲಿ ದೇಹವು ನುಗ್ಗಾಗದಿರಬೇಕಾದರೆ ಅಗಲವಾದ ಟೈರು, ಮಿತವಾದ ಗಾಳಿ, ಮತ್ತು ಮೈಯಳತೆಗೆ ಒಪ್ಪುವ ಚೌಕಟ್ಟು ಬೇಕು. ಅಳತೆ ತಪ್ಪಿದ ಮೇಲೆ ಬಂಗಾರದಿಂದ ಮಾಡಿದರೂ ಪ್ರಯೋಜನವಿಲ್ಲ.

ಕೆಲವು ವರ್ಷಗಳ ಹಿಂದೆ ಬಾಗೇಪಲ್ಲಿಯ ಆಚೆ ನನ್ನ ಉಕ್ಕಿನ ಬೈಸಿಕಲ್ಲು ಕಿರಗುಟ್ಟತೊಡಗಿತು. ಇಳಿದು ನೋಡಿದರೆ, ಹಿಂದಿನ ಗಾಲಿಯ ಪಕ್ಕದ ಸಣ್ಣ ನಳಿಗೆಯಲ್ಲಿ ಬಣ್ಣ ಬಿರಿದು ತುಕ್ಕಿನ ಗೆರೆಯೊಂದು ಕಾಣಿಸಿತು. ಬಿರುಕು ಅರ್ಧದಷ್ಟು ಹರಿದಿತ್ತು. ರಸ್ತೆಯ ಬದಿಯಲ್ಲಿ ಕಬ್ಬಿಣದ ಗೇಟುಗಳನ್ನು ಮಾಡುವ ಅಂಗಡಿಯವನು ಅದನ್ನು ತಿರುಗಿಸಿ ನೋಡಿ, "ವಿದ್ಯುತ್ ಬೆಸುಗೆ ಬೇಡ ಸ್ವಾಮಿ, ತೆಳು ನಳಿಗೆ ತೂತಾದೀತು" ಎಂದು ಹೇಳಿ, ಗ್ಯಾಸಿನ ಉರಿಯಲ್ಲಿ ಹಿತ್ತಾಳೆಯನ್ನು ಕರಗಿಸಿ ಬಿರುಕಿಗೆ ಇಳಿಸಿದನು. ಆ ಬೆಸುಗೆ ಇಂದಿಗೂ ನಿಂತಿದೆ. ಉಕ್ಕು ಮುರಿಯುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಒಳಗೆ ನೀರು ನಿಂತರೆ ತುಕ್ಕು ಹಿಡಿಯುತ್ತದೆ, ವರ್ಷಕ್ಕೊಮ್ಮೆ ನಳಿಗೆಯೊಳಗೆ ಎಣ್ಣೆ ಬಿಡಬೇಕು. ಆದರೆ ಮುರಿಯುವ ಮೊದಲು ಅದು ಬಹುಮಟ್ಟಿಗೆ ಬಾಯಿಬಿಟ್ಟು ಹೇಳುತ್ತದೆ. ಹೇಳಿದ್ದು ಹಳ್ಳಿಯ ಬೆಸುಗೆಗಾರನಿಗೂ ಅರ್ಥವಾಗುತ್ತದೆ.

ಈ ಚರಿತ್ರೆಯನ್ನೆಲ್ಲ ಕೇಳಿದ ಮೇಲೆ ಆ ದಂಪತಿಗಳು ಒಂದು ನಿರ್ಣಯಕ್ಕೆ ಬಂದರು. ನಗರದ ಸುತ್ತಮುತ್ತ, ಸಂಜೆಯೊಳಗೆ ಮನೆ ಸೇರುವವನಿಗೆ ಒಳ್ಳೆಯ ಅಲ್ಯೂಮಿನಿಯಂ ಸಾಕು. ಪಂದ್ಯಕ್ಕೆ ಹೋಗುವ ತರುಣನಿಗೆ, ಪೆಟ್ಟು ಬಿದ್ದಾಗಲೆಲ್ಲ ತಜ್ಞರಿಂದ ಪರೀಕ್ಷೆ ಮಾಡಿಸುವ ಶಿಸ್ತಿದ್ದರೆ, ಇಂಗಾಲ ಒಪ್ಪುತ್ತದೆ. ಹಣವಿದ್ದು ಜೀವಮಾನವೆಲ್ಲ ಒಂದೇ ಬೈಸಿಕಲ್ಲು ಸಾಕೆನ್ನುವವನಿಗೆ ಟೈಟೇನಿಯಂ. ಊರು ಬಿಟ್ಟು ನೂರಾರು ಕಿಲೋಮೀಟರು ಹೋಗುವ, ತಿರುಗಿ ಬರುವುದು ಮನೆಯವರಿಗೆ ಮುಖ್ಯವಾದ ನಮ್ಮ ಸ್ನೇಹಿತರಂಥವರಿಗೆ ಉಕ್ಕು. ಅವರು ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ ಉಕ್ಕಿನ ಚೌಕಟ್ಟನ್ನು ಮೈಯಳತೆಗೆ ಸರಿಯಾಗಿ ಆರಿಸಿಕೊಂಡರು. ಉಳಿದ ಹಣದಲ್ಲಿ ಅಗಲವಾದ ಟೈರುಗಳನ್ನೂ ಎರಡು ಒಳ್ಳೆಯ ದೀಪಗಳನ್ನೂ ಕೊಂಡರು.

ಕಳೆದ ತಿಂಗಳ ಒಂದು ಭಾನುವಾರ ಅವರು ಮತ್ತೆ ಲೇಪಾಕ್ಷಿಗೆ ಹೊರಟರು. ಬೆಳಗಿನ ನಾಲ್ಕೂವರೆ ಗಂಟೆಗೆ ಅಲ್ಲಾಳಸಂದ್ರದ ಗೇಟಿನ ಬಳಿ ಅವರ ಪತ್ನಿಯವರೂ ಬಂದು ನಿಂತಿದ್ದರು. ಹೊರಡುವ ಮೊದಲು ಆಕೆ ಟಾರ್ಚನ್ನು ಹಿಡಿದು ಚೌಕಟ್ಟಿನ ಒಂದೊಂದು ಬೆಸುಗೆಯನ್ನೂ ಬಗ್ಗಿ ನೋಡಿದರು. ಎಲ್ಲವನ್ನೂ ನೋಡಿ ಮುಗಿಸಿದ ಮೇಲೆ, "ಸರಿ, ಹೋಗಿ ಬನ್ನಿ" ಎಂದರು.